ಯಾವ ದಫ್ತರದಲ್ಲಿ ಹೆಸರು?

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಮು ಸೇರಿತು. ಹುಡುಗರನ್ನು ಅಪಹರಿಸುವವರು, 'ಅಸ್ವಾಭಾವಿಕ' ಅಪರಾಧ ಮಾಡುವವರು ಎಂದು ಶಂಕೆ ಬಂದ ಹಿಜ್ರಾಗಳ ಹೆಸರು, ವಿಳಾಸ ಬರೆದಿಡುವ ಒಂದು ದಫ್ತರ ಇಡಲು ಅದು ಪೊಲೀಸ್ ಕಮಿಷನರಿಗೆ ಅಧಿಕಾರ ಕೊಟ್ಟಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಕ್ರಿಮಿನಲ್ ಟ್ರೈಬ್ಸ್ ಆಕ್ಟ್‌ನಲ್ಲೂ ಇಂಥದೇ ಪಟ್ಟಿಯ ಮಾತಿತ್ತು. ಆ ಕಾಯ್ದೆ ಸ್ವಾತಂತ್ರ್ಯದ ಬೆನ್ನಿಗೇ ರದ್ದಾಗಿತ್ತು. ಆದರೂ ನೂರನಲವತ್ತು ವರ್ಷಗಳ ಆಚೆಯ ಆ ಯೋಚನೆ ಬೆಂಗಳೂರಿನಲ್ಲಿ ಮತ್ತೆ ತಲೆ ಎತ್ತಿತು. ಸಮುದಾಯದವರು ಹೈಕೋರ್ಟಿಗೆ ಹೋದರು. ಕೊನೆಗೆ ಸರ್ಕಾರ ಆ ಕಲಮು ಅವರಿಗೆ ಬಳಸಿದ್ದ ಹೀನ ಪದವನ್ನು ಕಿತ್ತು 'ವ್ಯಕ್ತಿಗಳು' ಎಂದು ತಿದ್ದಿತು.

ಲೈಂಗಿಕ ಅಲ್ಪಸಂಖ್ಯಾತರಿಗೆ ನಗರವೊಂದು ಅಧಿಕೃತ ಮಾನ್ಯತೆ ಕೊಟ್ಟಿತು ಎಂಬ ಸುದ್ದಿ ಜಗತ್ತಿನ ಯಾವ ಮೂಲೆಯಿಂದ ಬಂದರೂ ನನಗೆ ಮೊದಲು ನೆನಪಾಗುವುದು ಈ ದಫ್ತರ. ಈ ಜನ ನಗರಗಳ ಕಣ್ಣಿಗೆ ಬೀಳದೇ ಇದ್ದವರಲ್ಲ. ಪೊಲೀಸ್ ಠಾಣೆಯಲ್ಲಿ ಅವರ ಹೆಸರಿತ್ತು. ರೇಷನ್ ಕಾರ್ಡಿನಲ್ಲಿ, ಬಾಡಿಗೆ ಕರಾರಿನಲ್ಲಿ, ಆಸ್ಪತ್ರೆಯ 'ಹತ್ತಿರದ ಸಂಬಂಧಿ' ಎಂಬ ಖಾನೆಯಲ್ಲಿ ಇರಲಿಲ್ಲ. ಹೆಸರು ಆ ಪುಸ್ತಕದಿಂದ ಈ ಪುಸ್ತಕಕ್ಕೆ ಎಷ್ಟು ದಾಟಿದೆ ಎಂಬುದೇ ಮಾನ್ಯತೆಯ ಅಳತೆ ಎಂದು ನಾನು ನಂಬಿದ್ದೇನೆ. ಕಳೆದ ಸುಮಾರು ಐದು ದಶಕಗಳಲ್ಲಿ ಬೇರೆ ಬೇರೆ ನಗರಗಳು ಮಾಡಿದ್ದನ್ನು ಈ ಅಳತೆಗೋಲು ಹಿಡಿದು ನೋಡುವ ಪ್ರಯತ್ನ ಇದು.

ನಗರಕ್ಕೆ ಸಾಧ್ಯವಿಲ್ಲದ್ದು ಬಹಳ ಇದೆ. ಮದುವೆಯ ಕಾನೂನು ನಗರದ ಕೈಯಲ್ಲಿಲ್ಲ. ಪೌರತ್ವ, ಉತ್ತರಾಧಿಕಾರ, ದತ್ತು ಯಾವುದೂ ಇಲ್ಲ. ನಗರದ ಕೈಯಲ್ಲಿರುವುದು ಆಸ್ಪತ್ರೆ, ವಸತಿ, ಉದ್ಯಾನ, ಶೌಚಾಲಯ, ತನ್ನ ನೌಕರರ ಸಂಬಳ-ಸವಲತ್ತು, ಗುತ್ತಿಗೆದಾರರಿಗೆ ಹಾಕುವ ಷರತ್ತು. ಕೇಳಲು ಸಣ್ಣವು. ಆದರೆ ಮನುಷ್ಯ ದಿನಾ ಎಡವುವುದು ಇಂಥ ಹೊಸ್ತಿಲುಗಳಲ್ಲೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಇದನ್ನು ಬಹಳ ಬೇಗ ಅರ್ಥ ಮಾಡಿಕೊಂಡಿತು.

ಆ ಊರಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹಾರ್ವೆ ಮಿಲ್ಕ್ ಹೆಸರಿನಿಂದ ಶುರು ಮಾಡುತ್ತಾರೆ. ತಾನು ಸಮಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡೇ 1977ರಲ್ಲಿ ನಗರದ ಆಡಳಿತ ಮಂಡಳಿಗೆ ಆರಿಸಿ ಬಂದ ಮಿಲ್ಕ್, ಉದ್ಯೋಗ ಮತ್ತು ವಸತಿಯಲ್ಲಿ ತಾರತಮ್ಯ ಮಾಡಬಾರದೆಂಬ ನಗರ ಕಾನೂನನ್ನು 1978ರಲ್ಲಿ ಪಾಸು ಮಾಡಿಸಿದರು. ಅದಕ್ಕೆ ವಿರೋಧವಾಗಿ ಬಿದ್ದದ್ದು ಒಂದೇ ಮತ, ಡ್ಯಾನ್ ವೈಟ್ ಎಂಬ ಸದಸ್ಯನದು. ಅದೇ ವರ್ಷದ ನವೆಂಬರ್ 27ರಂದು, ಅಷ್ಟರಲ್ಲಿ ರಾಜೀನಾಮೆ ಕೊಟ್ಟಿದ್ದ ವೈಟ್, ಸಿಟಿ ಹಾಲ್‌ನೊಳಗೇ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ಮಿಲ್ಕ್ ಇಬ್ಬರನ್ನೂ ಗುಂಡಿಟ್ಟು ಕೊಂದ. ಇಂದು ಎಲ್ಲೆಡೆ ಕಾಣುವ ಕಾಮನಬಿಲ್ಲಿನ ಬಾವುಟ ಮೊದಲು ಹಾರಿದ್ದು ಕೂಡ ಅದೇ ಊರಿನಲ್ಲಿ, ಆ ಕೊಲೆಗೆ ಐದು ತಿಂಗಳ ಮೊದಲು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅದರ ನಂತರದ, ಅಷ್ಟಾಗಿ ಹಾಡಿ ಹೊಗಳದ ವರ್ಷಗಳು. ಮದುವೆಯಾಗದೆ ಒಟ್ಟಿಗೆ ಬಾಳುವ ಸಂಗಾತಿಗಳನ್ನು ನೋಂದಾಯಿಸಿಕೊಳ್ಳುವ ಮಸೂದೆಯನ್ನು 1982ರಲ್ಲಿ ಆಡಳಿತ ಮಂಡಳಿ ಒಪ್ಪಿತು. ಮೇಯರ್ ಡಯಾನ್ ಫೈನ್‌ಸ್ಟೈನ್ ತಮ್ಮ ಅಧಿಕಾರ ಬಳಸಿ ತಡೆದರು. ಮರುವರ್ಷ, 1983ರ ಜುಲೈಯಲ್ಲಿ, ಅದೇ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ 5ಬಿ ಎಂಬ ವಾರ್ಡ್ ತೆರೆಯಿತು. ಏಡ್ಸ್ ರೋಗಿಗಳಿಗೆಂದೇ ಮೀಸಲಾದ ವಾರ್ಡ್. ಮುಟ್ಟಿದರೆ ರೋಗ ಬರುತ್ತದೆ ಎಂದು ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದ ಕಾಲ ಅದು. ಈ ವಾರ್ಡಿನ ನರ್ಸ್‌ಗಳು ರೋಗಿಗಳ ಕೈ ಹಿಡಿದರು, ಹಾಸಿಗೆಯ ಮೇಲೆ ಪಕ್ಕದಲ್ಲಿ ಕೂತರು. ಅವರು ಮಾಡಿದ ಇನ್ನೊಂದು ಕೆಲಸ ಈ ಲೇಖನಕ್ಕೆ ಬೇಕಾದ್ದು: ತನ್ನ ಕುಟುಂಬ ಯಾರು ಎಂಬುದನ್ನು ಅಲ್ಲಿ ರೋಗಿಯೇ ಹೇಳಬಹುದಾಗಿತ್ತು. ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಅವರು ಪಕ್ಕಕ್ಕಿಟ್ಟರು. ಮೇಯರ್ ಸಹಿ ಹಾಕಲು ಒಪ್ಪದ ಸಂಬಂಧವನ್ನು ಅದೇ ನಗರದ ಸಂಬಳ ತಿನ್ನುವ ನರ್ಸ್‌ಗಳು ಒಪ್ಪಿಕೊಂಡರು. ಮಾನ್ಯತೆ ಯಾವಾಗಲೂ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂದುಕೊಂಡವರು ಈ ವಾರ್ಡನ್ನು ನೆನೆಯಬೇಕು.

ಸಂಗಾತಿ ನೋಂದಣಿಯ ಹಾದಿ ಅಷ್ಟು ಸಲೀಸಾಗಿರಲಿಲ್ಲ. ಪಕ್ಕದ ಬರ್ಕ್ಲಿ ನಗರ 1984ರಲ್ಲೇ ತನ್ನ ನೌಕರರ ಸಂಗಾತಿಗಳಿಗೆ ಸವಲತ್ತು ಕೊಡಲು ನಿರ್ಧರಿಸಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1989ರಲ್ಲಿ ಕಾನೂನು ಆಯಿತು, ಅದೇ ವರ್ಷ ಜನಮತದಲ್ಲಿ ಬಿದ್ದುಹೋಯಿತು. 1990ರಲ್ಲಿ ಮತ್ತೆ ಜನರ ಮುಂದೆ ಹೋಗಿ ಗೆದ್ದಿತು. 1996ರಲ್ಲಿ ನಗರ ತನ್ನ ನಿಜವಾದ ಬಲ ಎಲ್ಲಿದೆ ಎಂಬುದನ್ನು ಕಂಡುಕೊಂಡಿತು. ನಗರದ ಜೊತೆ ಗುತ್ತಿಗೆ ಮಾಡಿಕೊಳ್ಳುವ ಯಾವುದೇ ಕಂಪನಿ, ಮದುವೆಯಾದ ನೌಕರರ ಗಂಡ-ಹೆಂಡತಿಗೆ ಕೊಡುವ ಸವಲತ್ತನ್ನೇ ನೋಂದಾಯಿತ ಸಂಗಾತಿಗೂ ಕೊಡಬೇಕು ಎಂದು ಷರತ್ತು ಹಾಕಿತು. ವಿಮಾನ ನಿಲ್ದಾಣ ನಗರದ್ದು. ಅಲ್ಲಿ ಜಾಗ ಬೇಕಾದ ವಿಮಾನ ಕಂಪನಿಗಳು ಕೋರ್ಟಿಗೆ ಹೋದವು. ಷರತ್ತಿನ ಎಲ್ಲ ಭಾಗಗಳೂ ಅಲ್ಲಿ ಊರ್ಜಿತವಾಗಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಸಾವಿರಾರು ಕಂಪನಿಗಳು ತಮ್ಮ ನಿಯಮ ಬದಲಿಸಿಕೊಂಡವು. ಆ ಊರನ್ನು ಕಣ್ಣಲ್ಲೂ ಕಾಣದ, ದೂರದ ಯಾವುದೋ ರಾಜ್ಯದ ಗುಮಾಸ್ತನ ಸಂಗಾತಿಗೂ ಇದರಿಂದ ಆರೋಗ್ಯ ವಿಮೆ ಸಿಕ್ಕಿತು. ಟೆಂಡರಿನ ಷರತ್ತಿನಲ್ಲಿ ಸೇರಿಸಿದ ಒಂದು ವಾಕ್ಯ ಮಾಡಿದ ಕೆಲಸ ಇದು.

2004ರ ಫೆಬ್ರವರಿ 12ರಂದು ಮೇಯರ್ ಗ್ಯಾವಿನ್ ನ್ಯೂಸಮ್ ತಮ್ಮ ಅಧಿಕಾರದ ಗೆರೆಯನ್ನೇ ದಾಟಿ, ಸಮಲಿಂಗಿ ಜೋಡಿಗಳಿಗೂ ಮದುವೆಯ ಲೈಸೆನ್ಸ್ ಕೊಡಿಸಲು ಶುರು ಮಾಡಿದರು. ಮೊದಲ ಜೋಡಿ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಯನ್. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಜೊತೆಯಾಗಿ ಬಾಳಿದ ಅಜ್ಜಿಯರು, 1955ರಲ್ಲಿ ಅಮೆರಿಕದ ಮೊದಲ ಲೆಸ್ಬಿಯನ್ ಸಂಘಟನೆ ಕಟ್ಟಿದವರಲ್ಲಿ ಇಬ್ಬರು. ಒಂದು ತಿಂಗಳಲ್ಲಿ ಸುಮಾರು ನಾಲ್ಕು ಸಾವಿರ ಜೋಡಿಗಳು ಮದುವೆಯಾದವು. ಆಗಸ್ಟ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಲ್ಲವನ್ನೂ ಅಸಿಂಧು ಮಾಡಿತು. 2008ರಲ್ಲಿ ಅದೇ ಕೋರ್ಟ್ ಹಾದಿ ತೆರೆದಾಗ ಈ ಇಬ್ಬರು ಜೂನ್ 16ರಂದು ಮತ್ತೆ ಮದುವೆಯಾದರು. ಆಗಸ್ಟ್‌ನಲ್ಲಿ ಡೆಲ್ ಮಾರ್ಟಿನ್ ತೀರಿಕೊಂಡರು. ನಗರ ಕೊಟ್ಟ ಮೊದಲ ಕಾಗದ ಕಾನೂನಿನ ಕಣ್ಣಲ್ಲಿ ಆರು ತಿಂಗಳಷ್ಟೇ ಬಾಳಿತು. ಆದರೆ ಮಳೆಯಲ್ಲಿ ನೆನೆಯುತ್ತ ಸಿಟಿ ಹಾಲ್ ಸುತ್ತ ಸಾಲುಗಟ್ಟಿ ನಿಂತ ಜೋಡಿಗಳನ್ನು ಟಿವಿಯಲ್ಲಿ ನೋಡಿದ ಮೇಲೆ, ಅಂಥವರು ಇಲ್ಲವೇ ಇಲ್ಲ ಎಂದು ಹೇಳುವುದು ಯಾರಿಗೂ ಸಾಧ್ಯವಾಗಲಿಲ್ಲ.

ಕೆಲವು ನಗರಗಳು ಬೀದಿಯನ್ನೇ ಗುರುತಿಸಿದವು. ಶಿಕಾಗೊ 1998ರಲ್ಲಿ ನಾರ್ತ್ ಹಾಲ್‌ಸ್ಟೆಡ್ ರಸ್ತೆಯುದ್ದಕ್ಕೂ ಕಾಮನಬಿಲ್ಲಿನ ಬಣ್ಣದ ಕಂಬಗಳನ್ನು ನೆಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊ 2017ರಲ್ಲಿ ಟೆಂಡರ್‌ಲಾಯ್ನ್ ಬಡಾವಣೆಯ ಒಂದು ಭಾಗವನ್ನು ಟ್ರಾನ್ಸ್‌ಜೆಂಡರ್ ಸಮುದಾಯದ ಸಾಂಸ್ಕೃತಿಕ ವಲಯವೆಂದು ಘೋಷಿಸಿತು. 1966ರಲ್ಲಿ ಅಲ್ಲಿನ ಒಂದು ಕೆಫೆಟೇರಿಯಾದಲ್ಲಿ ಪೊಲೀಸರ ಕಾಟ ತಾಳಲಾರದೆ ಟ್ರಾನ್ಸ್ ಮಹಿಳೆಯರು ತಿರುಗಿ ಬಿದ್ದಿದ್ದರು. ಕಂಬ, ಫಲಕಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಬೀದಿಗೆ ಹೆಸರು ಬಂದ ಮೇಲೆ ಬಾಡಿಗೆ ಏರುತ್ತದೆ, ಆ ಹೆಸರು ತಂದುಕೊಟ್ಟ ಬಡವರೇ ಮೊದಲು ಗಂಟು ಕಟ್ಟಬೇಕಾಗುತ್ತದೆ.

ಜಪಾನಿನ ಕಥೆ ಬೇರೆ ಬಗೆಯದು, ನಮಗೆ ಹೆಚ್ಚು ಹತ್ತಿರದ್ದು. 1990ರಲ್ಲಿ ಅಕಾ ಎಂಬ ಸಮಲಿಂಗಿಗಳ ಗುಂಪು ಟೋಕಿಯೊ ಆಡಳಿತದ ಯುವಜನ ವಸತಿಗೃಹವೊಂದರಲ್ಲಿ ಉಳಿದುಕೊಂಡಿತ್ತು. ಇತರ ತಂಗುವವರು ಕಾಟ ಕೊಟ್ಟರು. ದೂರು ಕೊಟ್ಟರೆ, ಇನ್ನು ಮುಂದೆ ನಿಮಗೆ ಕೋಣೆಯೇ ಇಲ್ಲ ಎಂಬ ಉತ್ತರ ಬಂತು. ಆ ಗುಂಪು ಮೊಕದ್ದಮೆ ಹೂಡಿ 1994ರಲ್ಲಿ ಗೆದ್ದಿತು. 1997ರಲ್ಲಿ ಮೇಲಿನ ಕೋರ್ಟಿನಲ್ಲೂ ಗೆದ್ದಿತು. ಅಲ್ಪಸಂಖ್ಯಾತರಾದ ಸಮಲಿಂಗಿಗಳ ಹಕ್ಕನ್ನು ಗಮನದಲ್ಲಿಡುವುದು ಆಡಳಿತದ ಕರ್ತವ್ಯ, ಗೊತ್ತಿರಲಿಲ್ಲ ಎನ್ನುವಂತಿಲ್ಲ ಎಂಬ ಅರ್ಥದ ತೀರ್ಪು ಅದು. ಒಂದು ರಾತ್ರಿಯ ಕೋಣೆಗಾಗಿ ಏಳು ವರ್ಷ.

ಅದೇ ಟೋಕಿಯೊದ ಶಿಬುಯಾ ವಾರ್ಡ್ 2015ರ ಮಾರ್ಚ್ 31ರಂದು, ಸಮಲಿಂಗಿ ಸಂಗಾತಿಗಳಿಗೆ ಪ್ರಮಾಣಪತ್ರ ಕೊಡುವ ಜಪಾನಿನ ಮೊದಲ ನಿಯಮ ಮಾಡಿತು. ಪಕ್ಕದ ಸೆತಗಾಯಾ ವಾರ್ಡ್ ಕೂಡ ಜೊತೆಗೆ ಹೆಜ್ಜೆ ಹಾಕಿತು. ಎರಡೂ ಕಡೆ ಆ ವರ್ಷದ ನವೆಂಬರ್ 5ರಂದೇ ಪತ್ರಗಳು ಕೈಗೆ ಬಂದವು. ದಾರಿಗಳು ಮಾತ್ರ ಬೇರೆ. ಶಿಬುಯಾದಲ್ಲಿ ನೋಟರಿ ಮುಂದೆ ಮಾಡಿಸಿದ ಕರಾರುಪತ್ರ ಬೇಕು, ಅದಕ್ಕೆ ಖರ್ಚೂ ಇದೆ. ಆದರೆ ಆ ಪತ್ರವನ್ನು ಗೌರವಿಸದ ವ್ಯಾಪಾರಸ್ಥರ ಹೆಸರನ್ನು ವಾರ್ಡ್ ಬಹಿರಂಗ ಮಾಡಬಹುದು. ಸೆತಗಾಯಾದಲ್ಲಿ ಇಬ್ಬರೂ ಅಧಿಕಾರಿಯ ಮುಂದೆ ಪ್ರಮಾಣ ಮಾಡಿದರೆ ಸಾಕು. ಸೆತಗಾಯಾದಲ್ಲಿ ಇದಕ್ಕಾಗಿ ಪಟ್ಟುಹಿಡಿದವರಲ್ಲಿ ಕಾಮಿಕಾವಾ ಆಯಾ ಮುಖ್ಯರು. ತಾನು ಟ್ರಾನ್ಸ್‌ಜೆಂಡರ್ ಎಂದು ಹೇಳಿಕೊಂಡೇ 2003ರಲ್ಲಿ ವಾರ್ಡ್ ಸಭೆಗೆ ಆರಿಸಿ ಬಂದಿದ್ದವರು.

ಈ ಪತ್ರಕ್ಕೆ ಕಾನೂನಿನ ಬಲವಿಲ್ಲ. ಆಸ್ತಿ ಬರುವುದಿಲ್ಲ, ವಿದೇಶಿ ಸಂಗಾತಿಗೆ ವೀಸಾ ಸಿಗುವುದಿಲ್ಲ. ನಗರಸಭೆಯ ಬಾಡಿಗೆ ಮನೆಗೆ ಅರ್ಜಿ ಹಾಕಬಹುದು, ಆಸ್ಪತ್ರೆಯಲ್ಲಿ ತೋರಿಸಬಹುದು. ವಿಮಾ ಕಂಪನಿಗಳು, ಮೊಬೈಲ್ ಕಂಪನಿಗಳು ಕ್ರಮೇಣ ಇದನ್ನು ಕುಟುಂಬದ ಪುರಾವೆಯಾಗಿ ತೆಗೆದುಕೊಂಡವು. ಒಂದು ಊರಿನಿಂದ ಇನ್ನೊಂದು ಊರಿಗೆ ಮನೆ ಬದಲಿಸಿದರೆ ಪತ್ರವನ್ನು ವಾಪಸು ಕೊಡಬೇಕಾಗಿತ್ತು, ಸಂಬಂಧವೇ ಊರಿನ ಗಡಿಯಲ್ಲಿ ಮುಗಿದುಹೋದಂತೆ. ಅದಕ್ಕೆ ಫುಕುವೊಕಾ ಮತ್ತು ಕುಮಮೊಟೊ ನಗರಗಳು 2019ರಲ್ಲಿ ಪರಸ್ಪರ ಒಪ್ಪಂದ ಮಾಡಿಕೊಂಡವು: ನಿಮ್ಮ ಪತ್ರ ನಮ್ಮಲ್ಲೂ ನಡೆಯುತ್ತದೆ. ಅಕಾಶಿ ನಗರ 2021ರಲ್ಲಿ ಆ ಜೋಡಿ ಸಾಕುತ್ತಿರುವ ಮಕ್ಕಳ ಹೆಸರನ್ನೂ ಪತ್ರದಲ್ಲಿ ಸೇರಿಸಿತು. 2022ರ ನವೆಂಬರ್‌ನಲ್ಲಿ, ಒಮ್ಮೆ ಕೋಣೆ ಕೊಡಲೊಪ್ಪದ ಟೋಕಿಯೊ ಆಡಳಿತವೇ ಇಡೀ ಮಹಾನಗರಕ್ಕೆ ಈ ವ್ಯವಸ್ಥೆ ತಂದಿತು. 2024ರ ಮಧ್ಯದ ಹೊತ್ತಿಗೆ 450ಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳಲ್ಲಿ ಇದು ಜಾರಿಯಲ್ಲಿತ್ತು. ಜಪಾನಿನ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಆಗಲೇ ಇಂಥ ಊರುಗಳಲ್ಲಿ ಬದುಕುತ್ತಿದ್ದರು.

ಹಾಗಾದರೆ ರಾಷ್ಟ್ರದ ಸರ್ಕಾರ? ಅದು ಕದಲಿಲ್ಲ. 2021ರಲ್ಲಿ ಸಪ್ಪೊರೊ ಜಿಲ್ಲಾ ಕೋರ್ಟ್, 2024ರಲ್ಲಿ ಸಪ್ಪೊರೊ ಮತ್ತು ಟೋಕಿಯೊ ಹೈಕೋರ್ಟ್‌ಗಳು ಮದುವೆಯ ಹಕ್ಕು ನಿರಾಕರಿಸುವುದು ಸಂವಿಧಾನಕ್ಕೆ ಒಪ್ಪದು ಎಂದವು. ಆದರೂ ಸಂಸತ್ತು ಕಾನೂನು ಮಾಡಲಿಲ್ಲ. ಊರೂರು ಪತ್ರ ಕೊಟ್ಟದ್ದರಿಂದ ಒತ್ತಡ ಹೆಚ್ಚಿತು ಎನ್ನುವವರಿದ್ದಾರೆ; 'ಪತ್ರ ಇದೆಯಲ್ಲ, ಇನ್ನೇನು ಬೇಕು' ಎಂಬ ನೆಪ ಸಿಕ್ಕಿತು ಎನ್ನುವವರೂ ಇದ್ದಾರೆ. ಎರಡನೆಯ ಮಾತಿನಲ್ಲಿ ಸತ್ಯವಿದೆ ಎಂದು ನನಗೂ ಅನ್ನಿಸುತ್ತದೆ. ಆದರೆ ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ನಿಂತವರಿಗೆ, ಸಂಸತ್ತು ಮನಸ್ಸು ಮಾಡುವವರೆಗೆ ಕಾಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ.

ತೈವಾನಿನಲ್ಲಿ ಈ ದ್ವಂದ್ವವನ್ನು ನಗರವೇ ಬಿಡಿಸಿತು. 2015ರಲ್ಲಿ ಕಾವ್‌ಶುಂಗ್, ಆಮೇಲೆ ತೈಪೆ, ಮನೆತನದ ದಾಖಲೆಯಲ್ಲಿ ಸಮಲಿಂಗಿ ಸಂಗಾತಿ ಎಂಬ ಟಿಪ್ಪಣಿ ಬರೆಯಲು ಒಪ್ಪಿದವು. ತೈಪೆ ಅಲ್ಲಿಗೇ ನಿಲ್ಲಲಿಲ್ಲ. ತನ್ನ ಕಚೇರಿಗೆ ಮದುವೆ ನೋಂದಣಿಗೆ ಬರುವ ಜೋಡಿಗಳನ್ನು ಕಾನೂನಿನ ಕಾರಣಕ್ಕೆ ವಾಪಸು ಕಳಿಸಬೇಕಾಗಿದೆ, ಆ ಕಾನೂನು ಸಂವಿಧಾನಕ್ಕೆ ಸರಿಯೇ ಎಂದು ಕೇಳಿ ನಗರ ಸರ್ಕಾರವೇ ಸಂವಿಧಾನ ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ಇನ್ನೊಬ್ಬ ಅರ್ಜಿದಾರ, 1980ರ ದಶಕದಿಂದಲೂ ಒಂಟಿಯಾಗಿ ಈ ಹೋರಾಟ ಮಾಡಿದ ಚಿ ಚಿಯಾ-ವೇ. 2017ರ ಮೇ 24ರಂದು ತೀರ್ಪು ಅವರ ಪರವಾಗಿ ಬಂತು. ಸರಿಯಾಗಿ ಎರಡು ವರ್ಷಕ್ಕೆ ಕಾನೂನು ಜಾರಿಯಾಯಿತು. ನನಗೆ ಗೊತ್ತಿರುವ ಉದಾಹರಣೆಗಳಲ್ಲೆಲ್ಲ ಅತ್ಯಂತ ಗೌರವದ್ದು ಇದು. ತನ್ನ ಕೈಯಲ್ಲಿಲ್ಲದ್ದನ್ನು ತನ್ನ ಜನರಿಗಾಗಿ ಮೇಲಿನವರ ಬಳಿ ಕೇಳುವುದು ಕೂಡ ನಗರದ ಕೆಲಸ.

ಮಾನ್ಯತೆ ಕೊಡಬಲ್ಲ ಕೈ ಅದನ್ನು ಕಿತ್ತುಕೊಳ್ಳಲೂ ಬಲ್ಲದು. 2019ರ ಫೆಬ್ರವರಿಯಲ್ಲಿ ವಾರ್ಸಾ ಮೇಯರ್ ರಫಾವ್ ತ್ಶಸ್ಕೊವ್ಸ್ಕಿ ಲೈಂಗಿಕ ಅಲ್ಪಸಂಖ್ಯಾತರ ಪರ ಘೋಷಣೆಗೆ ಸಹಿ ಹಾಕಿದರು. ಅದಕ್ಕೆ ಪ್ರತಿಯಾಗಿ ಪೋಲೆಂಡಿನ ಸುಮಾರು ನೂರು ಸ್ಥಳೀಯ ಆಡಳಿತಗಳು 'ಈ ಸಿದ್ಧಾಂತಕ್ಕೆ ನಮ್ಮಲ್ಲಿ ಜಾಗವಿಲ್ಲ' ಎಂಬ ನಿರ್ಣಯಗಳನ್ನು ಮಾಡಿದವು. ದೇಶದ ಮೂರರಲ್ಲೊಂದು ಭಾಗ ಅದರಡಿ ಬಂತು. ಯುರೋಪ್ ಒಕ್ಕೂಟ 2020ರಲ್ಲಿ ಅಂಥ ಆರು ಪಟ್ಟಣಗಳಿಗೆ ಅನುದಾನ ನಿರಾಕರಿಸಿತು. ಕೊನೆಯ ನಿರ್ಣಯ ರದ್ದಾದದ್ದು 2025ರ ಏಪ್ರಿಲ್‌ನಲ್ಲಿ. ಅದೇ ವರ್ಷ ಹಂಗೇರಿಯ ಸರ್ಕಾರ ಪ್ರೈಡ್ ಮೆರವಣಿಗೆಯನ್ನು ನಿಷೇಧಿಸುವ ಕಾನೂನು ತಂದಾಗ, ಬುಡಾಪೆಸ್ಟ್ ಮೇಯರ್ ಗೆರ್ಗೆಯ್ ಕರಾಚೊನ್ ಅದನ್ನು ನಗರದ್ದೇ ಕಾರ್ಯಕ್ರಮ ಎಂದು ಘೋಷಿಸಿದರು. ಜೂನ್ 28ರಂದು ಆ ಊರಿನ ಬೀದಿ, ಸೇತುವೆಗಳು ಜನರಿಂದ ತುಂಬಿ ಹೋದವು.

ಭಾರತದಲ್ಲಿ ನಗರಗಳ ಪಾತ್ರ ಬಹಳ ಕಡಿಮೆ. ಇಲ್ಲಿ ಬಂದ ಬದಲಾವಣೆಗಳೆಲ್ಲ ಹೆಚ್ಚಾಗಿ ಸುಪ್ರೀಂ ಕೋರ್ಟಿನಿಂದ ಬಂದವು: ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಮೂರನೇ ಲಿಂಗವೆಂದು ಒಪ್ಪಿದ 2014ರ ನಾಲ್ಸಾ ತೀರ್ಪು, ಸಮಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಬಿಗಿಯನ್ನು 2018ರಲ್ಲಿ ಸಡಿಲಿಸಿದ ತೀರ್ಪು, 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕನ್ನು ಒಪ್ಪದ ತೀರ್ಪು. ನಗರಗಳ ಜನ ಮಾತ್ರ ಕೆಲವೊಮ್ಮೆ ಕೋರ್ಟಿಗಿಂತ ಮುಂದೆ ಹೋದರು. ಮಧ್ಯಪ್ರದೇಶದ ಕಟ್ನಿಯಲ್ಲಿ ಕಮಲಾ ಜಾನ್ ಎಂಬ ಹಿಜ್ರಾ ಮೇಯರ್ ಆಗಿ ಗೆದ್ದರು. ಸ್ಥಾನ ಮಹಿಳೆಗೆ ಮೀಸಲಾಗಿತ್ತು, ನೀವು ಕಾನೂನಿನ ಪ್ರಕಾರ ಗಂಡಸು ಎಂದು ಆಯ್ಕೆ ರದ್ದಾಯಿತು; 2003ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಊರಿನ ಮತದಾರರು ಯಾರೆಂದು ಕಂಡು ಆರಿಸಿದ್ದರೋ, ದಾಖಲೆ ಅವರನ್ನು ಕಾಣಲಿಲ್ಲ. ಹನ್ನೆರಡು ವರ್ಷಗಳ ಮೇಲೆ, ನಾಲ್ಸಾ ತೀರ್ಪಿನ ಮರುವರ್ಷ, ಛತ್ತೀಸ್‌ಗಢದ ರಾಯಗಢದಲ್ಲಿ ಮಧು ಕಿನ್ನರ್ ಮೇಯರ್ ಆದರು.

2017ರಲ್ಲಿ ಕೊಚ್ಚಿ ಮೆಟ್ರೊ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಕೆಲಸಕ್ಕೆ ತೆಗೆದುಕೊಂಡಾಗ ದೇಶವೇ ಮೆಚ್ಚಿತು. ತಿಂಗಳು ತುಂಬುವ ಹೊತ್ತಿಗೆ ಹಲವರು ಕೆಲಸ ಬಿಟ್ಟರು. ಅವರಿಗೆ ಊರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಲಾಡ್ಜ್‌ಗೆ ತೆತ್ತು ಸಂಬಳ ಉಳಿಯಲಿಲ್ಲ. ಸಮವಸ್ತ್ರ ಕೊಟ್ಟ ಊರು ಮಲಗಲು ಜಾಗ ಕೊಡಲಿಲ್ಲ. ಮಾನ್ಯತೆಯನ್ನು ಒಂದೇ ಕಡೆ ಕೊಟ್ಟು ಉಳಿದ ಬಾಗಿಲು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ನಮ್ಮ ಬೆಂಗಳೂರು. ಇಲ್ಲಿ ಹಿಜ್ರಾ ಸಮುದಾಯ ತಾನೇ ಕಟ್ಟಿಕೊಂಡ ಒಂದು ವ್ಯವಸ್ಥೆ ಹಮಾಮು. ಸೌದೆ ಒಲೆಯ ಮೇಲೆ ನೀರು ಕಾಯಿಸಿ ಕೂಲಿಕಾರರಿಗೆ, ಬಡವರಿಗೆ ಸ್ನಾನಕ್ಕೆ ಕೊಡುವ ಮನೆ. ಅದೇ ಅವರ ಸಂಸಾರ, ಗುರು-ಚೇಲಾ ಸಂಬಂಧದ ನೆಲೆ, ಎಷ್ಟೋ ಜನರಿಗೆ ಕಸುಬಿನ ಜಾಗ. ಎ. ರೇವತಿ ತಮಿಳಿನಲ್ಲಿ ಬರೆದ ಆತ್ಮಕಥೆ ದು. ಸರಸ್ವತಿ ಅವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಬಂದು, ರಂಗದ ಮೇಲೂ ಏರಿ, ಈ ಲೋಕವನ್ನು ಕನ್ನಡಿಗರ ಮುಂದೆ ತೆರೆದಿಟ್ಟಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ತಂದ ವರದಿಗಳು ಪೊಲೀಸರ, ಗೂಂಡಾಗಳ ಹಿಂಸೆಯನ್ನು ದಾಖಲಿಸಿದವು. 1999ರಲ್ಲಿ ಶುರುವಾದ 'ಸಂಗಮ' ಸಂಸ್ಥೆ ಕನ್ನಡ, ತಮಿಳು ಮಾತಾಡುವ ಕೆಳವರ್ಗದವರನ್ನು ಸಂಘಟಿಸಿತು. 2008ರಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಇಷ್ಟೆಲ್ಲ ಆದ ಮೇಲೆಯೇ 2011ರ ಆ ಪೊಲೀಸ್ ದಫ್ತರ ಬಂದದ್ದು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಆಮೇಲೆ ಬಂದದ್ದೆಲ್ಲ ರಾಜ್ಯದಿಂದ ಬಂತು. ಮಾಸಾಶನದ 'ಮೈತ್ರಿ' ಯೋಜನೆ, 2017ರ ಟ್ರಾನ್ಸ್‌ಜೆಂಡರ್ ನೀತಿ, ಮಂಜಮ್ಮ ಜೋಗತಿ ಅವರಿಗೆ ಜಾನಪದ ಅಕಾಡೆಮಿಯ ಅಧ್ಯಕ್ಷಗಾದಿ, 'ಸಂಗಮ'ದ ಅರ್ಜಿಯ ಫಲವಾಗಿ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿ. ಇವು ಸಣ್ಣವಲ್ಲ. ಆದರೆ ನಗರ ಏನು ಮಾಡಿತು ಎಂದು ಹುಡುಕಿದರೆ ಕೈಗೆ ಸಿಗುವುದು ಅತ್ಯಲ್ಪ. ಅದಕ್ಕೆ ಒಂದು ಕಾರಣ ಎಲ್ಲರ ಕಣ್ಣೆದುರಿಗಿದೆ: 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದೆ, ಅಧಿಕಾರಿಗಳ ಆಡಳಿತದಲ್ಲಿ ನಡೆಯಿತು. ಶಿಬುಯಾದಲ್ಲಿ ಒಬ್ಬ ಸದಸ್ಯ ವಾರ್ಡ್ ಸಭೆಯಲ್ಲಿ ಎದ್ದುನಿಂತು ಕೇಳಿದ ಪ್ರಶ್ನೆಯಿಂದ ಎಲ್ಲ ಶುರುವಾಯಿತು. ಸಭೆಯೇ ಇಲ್ಲದ ಊರಿನಲ್ಲಿ ಯಾರು ಏಳಬೇಕು, ಯಾರನ್ನು ಕೇಳಬೇಕು? 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಆ ಐದರಲ್ಲಿ ಒಂದಾದರೂ ತನ್ನ ಆಸ್ಪತ್ರೆಗಳಲ್ಲಿ ರೋಗಿ ಹೇಳಿದವರೇ ಸಂಬಂಧಿ ಎಂಬ ಸುತ್ತೋಲೆ ಹೊರಡಿಸಬಹುದು, ಟೆಂಡರಿನಲ್ಲಿ ತಾರತಮ್ಯ ವಿರೋಧಿ ಷರತ್ತು ಹಾಕಬಹುದು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ದೆಹಲಿಯೂ ಒಂದಿಷ್ಟು ಬಾಗಿಲು ತೆರೆದಿದೆ. 2023ರ ತೀರ್ಪಿನ ನಂತರ, 2024ರಲ್ಲಿ ಕೇಂದ್ರ ಸರ್ಕಾರ ಸಮಲಿಂಗಿ ಸಂಗಾತಿಗಳನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಕುಟುಂಬವೆಂದು ನೋಡಬೇಕು, ಅವರು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ರಕ್ತಸಂಬಂಧಿಗಳು ಇಲ್ಲದಾಗ ಸಂಗಾತಿಯೇ ಶವ ಪಡೆಯಬಹುದು ಎಂದು ಇಲಾಖೆಗಳಿಗೆ ತಿಳಿಸಿತು. ಇದು ಎಷ್ಟು ಕೌಂಟರುಗಳವರೆಗೆ ಇಳಿದಿದೆ ಎಂಬುದು ಬೇರೆ ಮಾತು. ನನ್ನ ಪರಿಚಯದ ಇಬ್ಬರು ಹೆಣ್ಣುಮಕ್ಕಳು ಹನ್ನೊಂದು ವರ್ಷಗಳಿಂದ ಒಂದೇ ಮನೆಯಲ್ಲಿದ್ದಾರೆ. ಅಡ್ವಾನ್ಸ್ ಇಬ್ಬರದೂ ಸೇರಿದೆ. ಬಾಡಿಗೆ ಕರಾರಿನಲ್ಲಿ ಇರುವುದು ಒಬ್ಬರ ಹೆಸರು, ಓನರ್‌ಗೆ ಹೇಳಿರುವುದು ಅಕ್ಕ-ತಂಗಿ ಎಂದು.

2023ರ ಜೂನ್‌ನಿಂದ 'ಶಕ್ತಿ' ಯೋಜನೆಯಡಿ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಮೆಜೆಸ್ಟಿಕ್‌ನಲ್ಲಿ ಹತ್ತಿದ ಬಸ್ಸೊಂದರಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಮಂಗಳಮುಖಿ ಕೂತಿದ್ದರು. ಕಂಡಕ್ಟರ್ ಬರುವುದನ್ನು ಕಂಡು ಪರ್ಸಿನಿಂದ ಗುರುತಿನ ಚೀಟಿ ತೆಗೆದು, ಅದರ ಜೊತೆಗೆ ಹತ್ತರ ಎರಡು ನೋಟುಗಳನ್ನೂ ಬೆರಳ ಸಂದಿಯಲ್ಲಿ ಹಿಡಿದು ಕಾದರು. ಅವನು ಚೀಟಿ ನೋಡಿದ. "ಎಲ್ಲಿಗಮ್ಮಾ?" ಎಂದ. ಯಶವಂತಪುರ ಎಂದರು. ಶೂನ್ಯ ದರದ ಟಿಕೆಟ್ ಕೊಟ್ಟು ಅವನು ಹಿಂದಕ್ಕೆ ಹೋದ. ಅವರು ಟಿಕೆಟ್ಟನ್ನು ಪರ್ಸಿನಲ್ಲಿಟ್ಟರು. ನೋಟುಗಳನ್ನು ಮಾತ್ರ ಇನ್ನೂ ಎರಡು ಸ್ಟಾಪು ಕಳೆಯುವವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದರು.